ಮಿಲ್ಲಿನ ಚಿತ್ತಪ್ಪ ಕಂಡ ಶೇಂಗಾ ಹೂವು

ಚಿತ್ತಪ್ಪನಿಗೆ ಶೇಂಗಾ ಗೊತ್ತಿಲ್ಲ ಎಂದು ಯಾರಾದರೂ ಹೇಳಿದ್ದರೆ ಚಳ್ಳಕೆರೆಯ ಎಣ್ಣೆಮಿಲ್ಲಿನ ಓಣಿ ಬಿದ್ದು ಬಿದ್ದು ನಗುತ್ತಿತ್ತು. ಅವನು ಬೆಳೆದದ್ದೇ ಶೇಂಗಾದ ನಡುವೆ. ತಾಯಿ ಪಾಲಮ್ಮ ಮಿಲ್ಲಿನಲ್ಲಿ ಬೀಜ ಆರಿಸುತ್ತಿದ್ದಳು. ಮಗುವನ್ನು ಗೋಣಿಚೀಲದ ಜೋಲಿಯಲ್ಲಿ ಮಲಗಿಸಿ, ಕಾಲಿನಿಂದ ಜೋಲಿ ತೂಗುತ್ತ ಕೈಯಿಂದ ಹುಳುಕು ತೆಗೆಯುತ್ತಿದ್ದಳಂತೆ. ಮೀಸೆ ಮೂಡುವ ಮೊದಲೇ ಚಿತ್ತಪ್ಪ ಅದೇ ಮಿಲ್ಲಿನಲ್ಲಿ ಮೂಟೆ ಎಳೆಯಲು ನಿಂತ. ಆಮೇಲೆ ಕಾಯಿ ಸುಲಿಯುವ ಮಿಷನ್ನು, ಆಮೇಲೆ ಎಣ್ಣೆ ತೆಗೆಯುವ ಎಕ್ಸ್‌ಪೆಲ್ಲರು. ಕಾಯಿ ಹಸಿಯೋ ಒಣಗಿದ್ದೋ ಎಂಬುದನ್ನು ಮಿಷನ್ನಿನ ಸದ್ದಿನಲ್ಲೇ ಹೇಳಿಬಿಡುತ್ತಿದ್ದ. ಆ ಸದ್ದೇ ಅವನ ಕಿವಿಯನ್ನು ಮುಕ್ಕಾಲು ತಿಂದು ಹಾಕಿತು. ಅರವತ್ತರ ಹತ್ತಿರ ಬಂದಾಗ ಅವನೊಡನೆ ಮಾತಾಡಬೇಕಾದವರು ಎದುರಿಗೆ ಬಂದು, ಗಂಟಲೆತ್ತಿ ಮಾತಾಡಬೇಕಿತ್ತು.

ಆದರೆ ಶೇಂಗಾ ಗಿಡವನ್ನು ಅವನು ಹತ್ತಿರದಿಂದ ನೋಡಿದವನೇ ಅಲ್ಲ. ಮನೆಗೆ ಹೊಲವಿರಲಿಲ್ಲ, ನೆಂಟರಿಗೂ ಇರಲಿಲ್ಲ. ಸುಗ್ಗಿ ಮುಗಿದ ಮೇಲೆ ಲಾರಿಯಲ್ಲಿ ಹಳ್ಳಿಗಳಿಗೆ ಹೋಗಿ ಮೂಟೆ ಹೇರಿಕೊಂಡು ಬಂದಿದ್ದುಂಟು. ಆಗ ಹೊಲದಲ್ಲಿ ಉಳಿದಿರುತ್ತಿದ್ದುದು ಕಿತ್ತ ಗುಣಿಗಳು, ಒಣಬಳ್ಳಿಯ ಬಣವೆಗಳು ಮಾತ್ರ. ಕಾಯಿ ಮಣ್ಣೊಳಗೆ ಬಿಡುತ್ತದೆ ಎಂಬುದು ಎಲ್ಲರಂತೆ ಅವನಿಗೂ ಗೊತ್ತು. ಆಲೂಗಡ್ಡೆಯ ಹಾಗೆ ಬೇರಿಗೆ ಅಂಟಿಕೊಂಡು ಬೆಳೆಯುತ್ತದೆ ಎಂದುಕೊಂಡಿದ್ದ. ಅದರ ಬಗ್ಗೆ ಯೋಚಿಸುವ ಕೆಲಸವೇ ಬಿದ್ದಿರಲಿಲ್ಲ.

ಮಿಲ್ಲು ನಿಂತಿತು. ಊರಿನಲ್ಲಿ ಹಾಗೆ ನಿಂತ ಮಿಲ್ಲುಗಳು ಬೇರೆಯೂ ಇದ್ದವು, ಹಾಗಾಗಿ ಯಾರೂ ಆಶ್ಚರ್ಯಪಡಲಿಲ್ಲ. ಮಿಷನ್ನುಗಳನ್ನು ಗುಜರಿಯವರು ಬಿಚ್ಚಿ ಒಯ್ದ ದಿನ ಚಿತ್ತಪ್ಪ ಗೋಡೆಗೆ ಅಂಗೈ ಒತ್ತಿ ನಿಂತಿದ್ದ. ಮಿಷನ್ನು ಓಡುವಾಗ ಆ ಗೋಡೆ ಅದುರುತ್ತಿತ್ತು. ಕಿವಿ ಮಂದವಾದ ಮೇಲೆ ಅವನು ಮಿಷನ್ನನ್ನು ಕೇಳುತ್ತಿದ್ದುದೇ ಅಂಗೈಯಿಂದ. ಅವತ್ತು ಗೋಡೆ ಸುಮ್ಮನಿತ್ತು.

ಮುಂದೆ ಒಂದು ವರ್ಷ ಅವನು ಮಾಡಿದ್ದೇನೂ ಇಲ್ಲ. ಹೆಂಡತಿ ರೇಣುಕಮ್ಮ ಹಾಸ್ಟೆಲಿನ ಅಡುಗೆ ಕೆಲಸಕ್ಕೆ ಹೋಗಿ ಬರುತ್ತಿದ್ದಳು. ಇವನು ಬೆಳಿಗ್ಗೆ ಎದ್ದು, ಕಣ್ಣು ಕಾಣದ ತಾಯಿಗೆ ಕಾಫಿ ಕೊಟ್ಟು, ಮಿಲ್ಲಿನ ಗೇಟಿನೆದುರಿನ ಕಟ್ಟೆಯ ಮೇಲೆ ಹೋಗಿ ಕೂರುತ್ತಿದ್ದ. ಗೇಟಿನ ಬೀಗದಕೈ ಅವನ ಹತ್ತಿರವೇ ಇತ್ತು. ಮಾಲೀಕರ ಮಗ ನಾಗಭೂಷಣ ದಾವಣಗೆರೆಯಲ್ಲಿದ್ದು, ಒಂದು ಕಣ್ಣಿಟ್ಟಿರು ಎಂದು ಕೊಟ್ಟು ಹೋಗಿದ್ದ.

ಆ ಬೀಗದಕೈ ಕೇಳಿಕೊಂಡು ಬಂದವಳು ಜುಂಜಮ್ಮ. ಸಿದ್ದಾಪುರದ ಕಡೆಯ ಗೊಲ್ಲರಹಟ್ಟಿಯ ಹೆಣ್ಣುಮಗಳು. ಗಂಡನ ಗಾರೆ ಕೆಲಸದ ಹಿಂದೆ ಊರು ಬಿಟ್ಟು ಬಂದು ಓಣಿಯ ಕೊನೆಯ ಮನೆಯಲ್ಲಿ ಬಾಡಿಗೆಗಿದ್ದಳು. ಮನೆಯೆಂದರೆ ಒಂದು ಕೋಣೆ, ಬಾಗಿಲಿನ ಮುಂದೆ ಚರಂಡಿ. ಆ ಚರಂಡಿಯ ಕಲ್ಲಿನ ಮೇಲೆ ಒಂದು ಒಡೆದ ಕೊಡದಲ್ಲಿ ಕೊತ್ತಂಬರಿ ಬೆಳೆಯುತ್ತಿದ್ದಳು. ಅದನ್ನು ಓಣಿಯ ಹಂದಿ ತಿಂದು ಹೋದ ದಿನ ಅವಳಿಗೆ ರೋಸಿ ಹೋಯಿತು. ಓಣಿಯ ಹೆಂಗಸರನ್ನೆಲ್ಲ ಕೂಡಿಸಿ, ನಾಗಭೂಷಣನಿಗೆ ಫೋನು ಮಾಡಿಸಿ, ಮಿಲ್ಲಿನ ಕಣದಲ್ಲಿ ಸೊಪ್ಪು ತರಕಾರಿ ಹಾಕಿಕೊಳ್ಳಲು ಒಪ್ಪಿಗೆ ತೆಗೆದುಕೊಂಡೇಬಿಟ್ಟಳು.

"ಅಣ್ಣ, ಗೇಟು ತೆಗೀರಿ," ಎಂದಳು ಚಿತ್ತಪ್ಪನ ಮುಖದೆದುರು ನಿಂತು.

"ಏನ್ ಮಾಡ್ತೀರವ್ವ ಒಳಗೆ? ಅದು ಕಾಯಿ ಒಣಗಿಸೋ ಕಣ. ಪೂರ್ತಿ ಸಿಮೆಂಟು. ಸಿಮೆಂಟಿನ ಮ್ಯಾಗೆ ಏನ್ ಬೆಳೀತೈತೆ?"

"ಡಬ್ಬಿ ಅದಾವಲ್ಲ, ಚೀಲ ಅದಾವಲ್ಲ. ಮಣ್ಣು ತುಂಬೋದು, ಬೆಳೆಯೋದು."

"ಮಣ್ಣು ಎಲ್ಲೈತೆ?"

ಜುಂಜಮ್ಮ ಗೇಟಿನ ಸರಳುಗಳ ನಡುವಿಂದ ಮಿಲ್ಲಿನ ಹಿತ್ತಿಲ ಮೂಲೆಯತ್ತ ಕೈ ತೋರಿಸಿದಳು. ಅಲ್ಲಿ ಹೊಟ್ಟಿನ ಗುಡ್ಡೆಯಿತ್ತು. ಮಿಷನ್ನು ಸುಲಿದ ಸಿಪ್ಪೆಯನ್ನು ಗಾಳಿಯಂತ್ರ ಊದಿ ಹಾಕುತ್ತಿದ್ದ ಜಾಗ ಅದು. ಇಟ್ಟಿಗೆ ಭಟ್ಟಿಯವರು ಮೇಲಿಂದ ಮೇಲೆ ಒಯ್ದರೂ ತಳದ್ದು ಎಷ್ಟೋ ವರ್ಷಗಳಿಂದ ಹಾಗೇ ಬಿದ್ದು, ಮಳೆಗೆ ನೆನೆದು, ಬಿಸಿಲಿಗೆ ಒಣಗಿ, ಅದರ ಮೇಲೆ ಹೊಸದು ಬಿದ್ದು ಆಳೆತ್ತರ ನಿಂತಿತ್ತು.

ಚಿತ್ತಪ್ಪ ನಕ್ಕುಬಿಟ್ಟ. ಆದರೂ ಸನಿಕೆ ಹಿಡಿದು ಮೊದಲು ಹೋದವನು ಅವನೇ, ಏಕೆಂದರೆ ಅದು ಅವನ ಗುಡ್ಡೆ. ಮೇಲಿನ ಪದರ ಒಣ ಸಿಪ್ಪೆ, ಸನಿಕೆಗೆ ಸಿಗದೆ ಜಾರುತ್ತಿತ್ತು. ಮೊಣಕಾಲುದ್ದ ತೆಗೆದ ಮೇಲೆ ಸಿಪ್ಪೆ ಕಂದಾಗಿ ಮೆತ್ತಗಾಯಿತು. ಇನ್ನೂ ಕೆಳಗೆ ಕೈ ಹಾಕಿದ. ಬೆಚ್ಚಗಿತ್ತು. ಹಿಡಿ ತುಂಬ ತೆಗೆದು ಹೊರಗೆ ತಂದು ನೋಡಿದರೆ ಸಿಪ್ಪೆಯೇ ಇಲ್ಲ. ಕಪ್ಪನೆಯ ಪುಡಿ, ಹಿಟ್ಟಿನ ಉಂಡೆಯಂತೆ ನಿಂತು, ಬೆರಳು ಒತ್ತಿದರೆ ಉದುರುವ ಮಣ್ಣು. ಮೂಗಿಗೆ ಹಿಡಿದ. ಮೊದಲ ಮಳೆಯ ವಾಸನೆ. ಅದರೊಳಗಿಂದ ಒಂದು ಎರೆಹುಳು ತಲೆ ಎತ್ತಿ, ಬೆಳಕು ತಾಗಿದ ಕೂಡಲೇ ಅವನ ಬೆರಳ ಸಂದಿಗೆ ನುಸುಳಿತು.

"ಈ ಹುಳಾನ ಯಾರು ತಂದು ಹಾಕಿದ್ರು?" ಎಂದು ಕೇಳಿದ.

"ಯಾರೂ ಹಾಕಿಲ್ಲಣ್ಣ. ತಾನೇ ಬಂದೈತೆ."

"ಸುತ್ತ ಸಿಮೆಂಟು ಐತಲ್ಲೇ ಜುಂಜಮ್ಮ. ಎಲ್ಲಿಂದ ಬಂತು? ಹೆಂಗ್ ಬಂತು?"

ಜುಂಜಮ್ಮ ಆಗಲೇ ಬುಟ್ಟಿಗೆ ಮಣ್ಣು ತುಂಬತೊಡಗಿದ್ದಳು. ಚಿತ್ತಪ್ಪ ಅಂಗೈಯ ಮಣ್ಣನ್ನು ಹಾಗೇ ಹಿಡಿದುಕೊಂಡು ಗುಡ್ಡೆಯ ಪಕ್ಕ ಕೂತ. ತಾನು ಹುಡುಗನಾಗಿದ್ದಾಗ ಊದಿಸಿದ ಹೊಟ್ಟು ಅದು. ಊರೆಲ್ಲ ಮಲಗಿದ್ದಾಗಲೂ, ಮಿಷನ್ನು ನಿಂತಾಗಲೂ, ತಾನು ಕಟ್ಟೆಯ ಮೇಲೆ ಸುಮ್ಮನೆ ಕೂತಿದ್ದಾಗಲೂ ಈ ಮೂಲೆಯಲ್ಲಿ ಕೆಲಸ ನಡೆದೇ ಇತ್ತು.

ಮರುದಿನದಿಂದ ಅವನು ಕಟ್ಟೆಗೆ ಹೋಗಲಿಲ್ಲ. ಗೋದಾಮಿನಲ್ಲಿ ಉಳಿದಿದ್ದ ಹಳೆಯ ಎಣ್ಣೆ ಡಬ್ಬಿಗಳ ತಳಕ್ಕೆ ಮೊಳೆ ಹೊಡೆದು ತೂತು ಮಾಡಿದ. ತಳದಲ್ಲಿ ಒಣ ಸಿಪ್ಪೆ ಒಂದು ಹಿಡಿ, ನೀರು ನಿಲ್ಲದಿರಲಿ ಎಂದು. ಅದರ ಮೇಲೆ ಗುಡ್ಡೆಯ ಕಪ್ಪು ಮಣ್ಣು, ಕೆರೆಯಂಗಳದ ಕೆಂಪು ಮಣ್ಣು, ಜುಂಜಮ್ಮನ ಅಣ್ಣ ಹಟ್ಟಿಯಿಂದ ತಂದುಕೊಟ್ಟ ಹಳೇ ಕುರಿಗೊಬ್ಬರ. ಡಬ್ಬಿಗಳನ್ನು ಸಿಮೆಂಟಿನ ಮೇಲೆ ನೇರ ಇಡದೆ ಇಟ್ಟಿಗೆ ಚೂರುಗಳ ಮೇಲಿಟ್ಟರು, ಇಲ್ಲದಿದ್ದರೆ ಬೇಸಿಗೆಯಲ್ಲಿ ಕಾದ ನೆಲ ಬೇರನ್ನೇ ಬೇಯಿಸಿಬಿಡುತ್ತದೆ. ಮನೆಮನೆಯಿಂದ ಅಕ್ಕಿ ತೊಳೆದ ನೀರು, ತರಕಾರಿ ತೊಳೆದ ನೀರು ಬಿಂದಿಗೆಯಲ್ಲಿ ಬಂತು. ಹಳೆಯ ಸೀರೆಗಳು ನೆರಳಿಗೆ ಬಂದವು. ಮೆಂತ್ಯ ಮೂರನೆಯ ದಿನಕ್ಕೇ ಕಣ್ಣು ಬಿಟ್ಟಿತು.

ಒಂದು ಎಡವಟ್ಟೂ ಆಯಿತು. ಶೇಂಗಾ ಹಿಂಡಿಗಿಂತ ಒಳ್ಳೆಯ ಗೊಬ್ಬರವಿಲ್ಲ ಎಂದು ಯಾರೋ ಹೇಳಿದ್ದನ್ನು ಕೇಳಿ ಚಿತ್ತಪ್ಪ ಗೋದಾಮಿನ ಮೂಲೆಯ ಹಿಂಡಿಯನ್ನು ಪುಡಿ ಮಾಡಿ ಟೊಮ್ಯಾಟೊ ಸಸಿಗಳ ಬುಡಕ್ಕೆ ಧಾರಾಳವಾಗಿ ಸುರಿದ. ನಾಲ್ಕು ದಿನದಲ್ಲಿ ಬುಡದಲ್ಲಿ ಬೂಷ್ಟು ಹತ್ತಿ, ಇರುವೆ ಮುತ್ತಿ, ಸಸಿಗಳು ಸುಟ್ಟಂತೆ ಬಾಡಿದವು. ವಾಸನೆಗೆ ಓಣಿಯವರೆಲ್ಲ ಮೂಗು ಮುಚ್ಚಿಕೊಂಡರು.

"ಎಣ್ಣೆ ಮಿಲ್ಲು ಮುಚ್ಚಿದ್ರೂ ನಮಗೆ ಬಿಡುಗಡೆ ಇಲ್ಲ ನೋಡ್ರಿ," ಎಂದು ರೇಣುಕಮ್ಮ ಗಂಡನನ್ನು ಎಲ್ಲರೆದುರಿಗೇ ಬೈದಳು. "ಮಗೂಗೆ ಮೊದಲ ದಿನಾನೇ ಹೋಳಿಗೆ ತಿನ್ಸಿದ್ರೆ ಏನಾಗ್ತೈತೆ? ನೀರಾಗೆ ನೆನೆಸಿ, ತೆಳ್ಳಗೆ ಮಾಡಿ ಹುಯ್ಯಬೇಕು." ಆಮೇಲೆ ಹಾಗೇ ಮಾಡಿದರು. ಹಿಂಡಿಯನ್ನು ಬಕೀಟಿನಲ್ಲಿ ವಾರ ಕೊಳೆಸಿ, ಮೇಲಿನ ತಿಳಿಗೆ ಅದರ ಹತ್ತರಷ್ಟು ನೀರು ಬೆರೆಸಿ, ಸಂಜೆಯ ಹೊತ್ತು ಹಾಕಿದರು. ಎರಡನೆಯ ಸಲ ನೆಟ್ಟ ಟೊಮ್ಯಾಟೊ ಗೋಡೆಯೆತ್ತರಕ್ಕೆ ಹೋಯಿತು.

ಮುಂಗಾರು ಹನಿದಾಗ ಜುಂಜಮ್ಮ ಹಟ್ಟಿಯಿಂದ ಒಂದು ಸೆರಗು ಬಿತ್ತನೆ ಶೇಂಗಾ ತಂದಳು. "ಅಣ್ಣ, ಆ ಹಳೇ ನೀರಿನ ತೊಟ್ಟಿ ಖಾಲಿ ಐತಲ್ಲ. ಇದನ್ನ ಹಾಕ್ರಿ."

"ನನ್ನ ಕೈಯಾಗೆ ಶೇಂಗಾ ಕೊಡ್ತೀಯಲ್ಲೇ!" ಎಂದ ಚಿತ್ತಪ್ಪ. "ಹುಟ್ಟಿದಾಗಿಂದ ಅದೇ ನೋಡೀನಿ."

"ಸುಲಿಯೋದು ಕೈಯಾಗೇ ಸುಲೀಬೇಕು. ಮ್ಯಾಗಿನ ಕೆಂಪು ಸಿಪ್ಪೆ ಹರಿದ್ರೆ ಹುಟ್ಟಾಕಿಲ್ಲ."

ಮಿಷನ್ನಿನಲ್ಲಿ ಲೋಡುಗಟ್ಟಲೆ ಸುಲಿದವನು ಅವತ್ತು ಮನೆಯ ಹೊಸ್ತಿಲಲ್ಲಿ ಕೂತು ಒಂದೊಂದೇ ಕಾಯಿಯನ್ನು ಹೆಬ್ಬೆರಳಿನಿಂದ ಒತ್ತಿ ಬಿಡಿಸಿದ. ಪಕ್ಕದಲ್ಲಿ ಕೂತ ಪಾಲಮ್ಮ ಬೀಜಗಳನ್ನು ಬೆರಳಿನಿಂದಲೇ ಮುಟ್ಟಿ, ಸುಕ್ಕು ಬಿದ್ದದ್ದನ್ನು, ಹಗುರವಾದದ್ದನ್ನು ಬೇರೆ ಮಾಡಿದಳು. ಕಣ್ಣು ಹೋದರೂ ಬೆರಳು ಹೋಗಿರಲಿಲ್ಲ.

ತೊಟ್ಟಿಯ ಮಣ್ಣು ವಾರದಲ್ಲಿ ಬಿರಿಯಿತು. ಎರಡು ದಪ್ಪ ಹೋಳುಗಳು ಹೆಂಟೆ ಎತ್ತಿಕೊಂಡು ಮೇಲೆದ್ದವು. ಚಿತ್ತಪ್ಪ ಆ ಹೋಳುಗಳನ್ನು ಗುರುತು ಹಿಡಿದ. ಜೀವಮಾನವೆಲ್ಲ ಅವನು ಗಾಣಕ್ಕೆ ಹಾಕಿದ್ದು ಅವನ್ನೇ. ಅವುಗಳ ನಡುವೆ ಮಡಿಚಿಟ್ಟ ಹಸಿರು ಎಲೆ ಇತ್ತು. ಸಂಜೆಯಾದರೆ ಎಲೆಗಳು ಕೈ ಮುಗಿದಂತೆ ಮುಚ್ಚಿಕೊಳ್ಳುತ್ತಿದ್ದವು, ಬೆಳಿಗ್ಗೆ ಬಿಚ್ಚುತ್ತಿದ್ದವು. ತಿಂಗಳು ಕಳೆದ ಮೇಲೆ ಒಂದು ಮುಂಜಾನೆ ಹೋಗಿ ನೋಡಿದರೆ ಎಲೆಗಳ ಕಂಕುಳಲ್ಲಿ ಅರಿಶಿನದಂಥ ಪುಟ್ಟ ಹೂಗಳು.

ಮಧ್ಯಾಹ್ನದ ಹೊತ್ತಿಗೆ ಅವು ಬಾಡಿ ಜೋತುಬಿದ್ದವು. ಮರುದಿನ ಬೇರೆ ಹೂಗಳು, ಅವೂ ಮಧ್ಯಾಹ್ನಕ್ಕೆ ಬಾಡಿದವು. ಚಿತ್ತಪ್ಪ ಗಾಬರಿಯಾದ. ಬಿಸಿಲು ಹೆಚ್ಚಾಯಿತೇ, ನೀರು ಸಾಲದಾಯಿತೇ, ಮತ್ತೆ ಹಿಂಡಿಯ ನೀರು ಗಟ್ಟಿಯಾಯಿತೇ? ಜುಂಜಮ್ಮ ಆ ವಾರ ಹಟ್ಟಿಗೆ ಹೋಗಿದ್ದಳು. ಕೇಳಲು ಯಾರೂ ಇರಲಿಲ್ಲ. ಅವನು ಸೀರೆಯ ನೆರಳು ಕಟ್ಟಿದ, ತೆಗೆದ, ಮತ್ತೆ ಕಟ್ಟಿದ.

ಒಂದು ಬೆಳಿಗ್ಗೆ ಕಳೆ ಕೀಳಲು ತೊಟ್ಟಿಯ ಮೇಲೆ ಬಾಗಿದಾಗ ಬಾಡಿದ ಹೂವಿನ ಬುಡದಲ್ಲಿ ಏನೋ ಕಂಡಿತು. ನೇರಳೆ ಬಣ್ಣದ, ದಬ್ಬಣದ ಮೊನೆಯಂಥ ಒಂದು ಕಡ್ಡಿ. ಹುಳುವಿರಬೇಕೆಂದು ಮುಟ್ಟಿದ. ಹುಳುವಲ್ಲ, ಗಿಡದ್ದೇ ಕಡ್ಡಿ. ಎಲ್ಲ ಕುಡಿಗಳೂ ಮೇಲೆ ಹೋಗುತ್ತಿದ್ದರೆ ಇದೊಂದು ಕೆಳಗೆ ಮುಖ ಮಾಡಿತ್ತು. ಪಕ್ಕದ ಗಿಣ್ಣಿನಲ್ಲಿ ಅಂಥದ್ದೇ ಇನ್ನೊಂದು, ತುಸು ಉದ್ದ. ಅದರಾಚೆಯದು ಮಣ್ಣಿಗೆ ಮೊನೆ ತಾಗಿಸಿ ನಿಂತಿತ್ತು. ಇನ್ನೊಂದರ ಮೊನೆ ಕಾಣಲೇ ಇಲ್ಲ, ಮಣ್ಣೊಳಗೆ ಹೋಗಿತ್ತು.

ಚಿತ್ತಪ್ಪ ಮೊಣಕಾಲೂರಿ ಕೂತುಬಿಟ್ಟ. ಗದ್ದವನ್ನು ತೊಟ್ಟಿಯ ಅಂಚಿಗೆ ಊರಿ ನೋಡಿದ. ಆ ಒಳಗೆ ಹೋದ ಕಡ್ಡಿಯ ಸುತ್ತ ಬೆರಳಿನಿಂದ ಚೂರೇ ಚೂರು ಮಣ್ಣು ಸರಿಸಿದ. ತುದಿ ಉಬ್ಬಿತ್ತು. ಸಾಸಿವೆ ಕಾಳಿಗಿಂತ ತುಸು ದೊಡ್ಡದು, ಬೆಳ್ಳಗೆ, ಅಡ್ಡ ಮಲಗಿತ್ತು. ಅದರ ಸೊಂಟ ಆಗಲೇ ಸಣ್ಣಗಾಗಿತ್ತು. ಕಾಯಿ!

ಅವನು ಕೂಗಿದ ಕೂಗಿಗೆ ಓಣಿಯೆಲ್ಲ ಓಡಿ ಬಂತು. ಹಾವು ಕಚ್ಚಿತೆಂದು ತಿಳಿದು ರೇಣುಕಮ್ಮ ಬರಿಗಾಲಲ್ಲಿ ಬಂದಳು.

"ಏ ರೇಣುಕಾ, ನೋಡಿಲ್ಲಿ! ಹೂವು ಮ್ಯಾಗೆ ಬಿಡ್ತೈತೆ, ಬಾಡ್ತೈತೆ, ಆಮ್ಯಾಕೆ ಅದರ ಬುಡದಿಂದ ಸೂಜಿ ಹುಟ್ಟಿ ತಾನೇ ಮಣ್ಣಿಗೆ ಇಳೀತೈತೆ! ಇಳಿದ ಮ್ಯಾಲೆ ಕಾಯಾಗ್ತೈತೆ! ಬೇರಾಗೆ ಅಲ್ಲ ಕಣೇ!"

ಸಂಜೆ ಹಟ್ಟಿಯಿಂದ ವಾಪಸಾದ ಜುಂಜಮ್ಮನಿಗೂ ಇದೇ ಸುದ್ದಿ ಹೇಳಿದ. ಅವಳಿಗೆ ನಗು. "ಅದಕ್ಕೆ ಊಡ ಇಳಿಯೋದು ಅಂತಾರಣ್ಣ ನಮ್ಮ ಕಡೆ. ಎಲ್ಲಾ ಹೊಲದಾಗೂ ಇಳೀತಾವೆ. ಇನ್ನು ಬುಡ ಕೆದಕಬ್ಯಾಡ್ರಿ, ಸಡಿಲ ಮಣ್ಣು ಏರಿಸ್ರಿ, ಅವಕ್ಕೆ ದಾರಿ ಹತ್ರ ಆಗ್ತೈತೆ." ಹೇಳಿದವಳು ತಾನೂ ಬಾಗಿ ನೋಡಿದಳು. ನೋಡುತ್ತ ನೋಡುತ್ತ ನಗು ನಿಂತಿತು. "ಮಣ್ಣು ಎಲ್ಲೈತೆ ಅಂತ ಅದಕ್ಕೆ ಹೆಂಗ್ ಗೊತ್ತಾಗ್ತೈತೆ?" ಎಂದು ಮೆಲ್ಲಗೆ ಕೇಳಿದಳು. "ಅಷ್ಟು ವರ್ಷ ಕಳೆ ಕಿತ್ತೀನಿ. ಒಂದು ದಿನಾನೂ ಕೂತು ನೋಡಿರಲಿಲ್ಲ ನೋಡಣ್ಣ."

ತೊಟ್ಟಿಯ ಅಂಚು ದಾಟಿ ಹೊರಗೆ ಬಾಗಿದ್ದ ರೆಂಬೆಗಳಲ್ಲೂ ಸೂಜಿಗಳು ಹುಟ್ಟಿದ್ದವು. ಅವು ಗಾಳಿಯಲ್ಲಿ ತೂಗಾಡುತ್ತ ಕೆಳಗೆ ಕೆಳಗೆ ಬೆಳೆಯುತ್ತಿದ್ದವು. ಅವುಗಳ ಕೆಳಗಿದ್ದುದು ಬರೀ ಸಿಮೆಂಟು. ಚಿತ್ತಪ್ಪನಿಗೆ ಅದನ್ನು ನೋಡಲಾಗಲಿಲ್ಲ. ತೆಂಗಿನ ಚಿಪ್ಪುಗಳಿಗೆ ಮಣ್ಣು ತುಂಬಿ, ಇಟ್ಟಿಗೆ ಪೇರಿಸಿ, ಒಂದೊಂದು ಸೂಜಿಯ ಕೆಳಗೂ ಒಂದೊಂದು ಚಿಪ್ಪನ್ನು ಎತ್ತಿ ಕೊಟ್ಟ. ಎರಡು ದಿನದಲ್ಲಿ ಅವೂ ಮಣ್ಣು ಹೊಕ್ಕವು.

ಆ ಭಾನುವಾರ ಅವನು ತಾಯಿಯನ್ನು ಎತ್ತಿಕೊಂಡು ಬಂದ. ಮಿಲ್ಲು ಬಿಟ್ಟ ಮೇಲೆ ಪಾಲಮ್ಮ ಆ ಗೇಟಿನೊಳಗೆ ಬಂದಿರಲಿಲ್ಲ. ಕಣದ ಗಾಳಿ ಮುಖಕ್ಕೆ ತಾಗಿದ ಕೂಡಲೇ, "ಇಲ್ಲಿ ನಾವು ಕೂತು ಆರಿಸ್ತಿದ್ವಿ ಅಲ್ಲೇನೋ," ಎಂದಳು. ತೊಟ್ಟಿಯ ಪಕ್ಕ ಚೀಲ ಹಾಸಿ ಕೂರಿಸಿ, ಚಿತ್ತಪ್ಪ ಅವಳ ತೋರುಬೆರಳನ್ನು ಹಿಡಿದು ಒಂದು ಹೂವಿನ ಮೇಲಿಟ್ಟ.

"ಇದು ಹೂವು, ಅವ್ವ. ಮೆತ್ತಗೆ."

"ಹ್ಞೂಂ."

"ಇದು ಬಾಡಿದ್ದು. ಈಗ ಇದರ ಬುಡ ಹಿಡಿ. ಕೆಳಕ್ಕೆ ಬಾ. ಇನ್ನೂ ಕೆಳಕ್ಕೆ."

ಅವಳ ಬೆರಳು ಸೂಜಿಯ ಮೇಲೆ ಜಾರುತ್ತ ಮಣ್ಣು ಮುಟ್ಟಿತು. ಅಲ್ಲಿ ನಿಂತಿತು. ಮಗನ ಸಹಾಯವಿಲ್ಲದೆ ಅದು ತಾನೇ ಮಣ್ಣೊಳಗೆ ಹೋಯಿತು, ಬೀಜ ಆರಿಸುವಾಗಿನ ಅದೇ ಹಗುರದಲ್ಲಿ. ಕಾಯಿ ಸಿಕ್ಕಿತು. ಎಳೆಯದು, ಇನ್ನೂ ನೀರು ತುಂಬಿದ್ದು. ಪಾಲಮ್ಮ ಅದನ್ನು ಕೀಳಲಿಲ್ಲ. ಮತ್ತೆ ಮೇಲೆ ಬಂದು ಹೂವು ಮುಟ್ಟಿದಳು, ಮತ್ತೆ ಕೆಳಗೆ ಹೋದಳು. ಹಾಗೆ ಎಷ್ಟು ಸಲ ಹೋಗಿ ಬಂದಳೋ.

"ಚಿತ್ತಾ," ಎಂದಳು ಕೊನೆಗೆ. "ಒಂದೊಂದು ಬೀಜಾನೂ ಹಿಂಗೇ ಬಂದಿತ್ತೇನೋ? ನಾವು ಆರಿಸಿದ್ವಲ್ಲ, ಅಷ್ಟೂ?"

ಕಿವಿ ಮಂದವಾಗಿದ್ದರೂ ಆ ಮಾತು ಅವನಿಗೆ ಕೇಳಿಸಿತು. ತುಟಿ ನೋಡಿ ತಿಳಿದನೋ ಏನೋ.

"ಹೌದವ್ವ. ಅಷ್ಟೂ."

ಪಾಲಮ್ಮ ಮಣ್ಣು ಮೆತ್ತಿದ ಬೆರಳನ್ನು ಕಣ್ಣಿಗೊತ್ತಿಕೊಂಡಳು. 

ತೊಟ್ಟಿಯ ಬೆಳೆ ಓಣಿಯವರೆಲ್ಲ ಬೇಯಿಸಿ ತಿನ್ನುವಷ್ಟು ಬಂತು. ಬೀಜಕ್ಕೆಂದು ಎತ್ತಿಟ್ಟದ್ದರಲ್ಲಿ ಒಂದು ಪಾಲು ಮೊಳಕಾಲ್ಮುರಿಗೆ ಹೋಯಿತು. ಓಣಿಯಲ್ಲಿದ್ದ ತಂಗಿಯನ್ನು ನೋಡಲು ಬಂದಿದ್ದ ಜ್ಯೋತಿಲಕ್ಷ್ಮಿ ಎಂಬ ರೇಷ್ಮೆಸೀರೆ ನೇಯುವ ಹೆಣ್ಣುಮಗಳು ಕಣವನ್ನೆಲ್ಲ ಸುತ್ತಿ ನೋಡಿ, ತಮ್ಮ ನೇಕಾರರ ಕಾಲೋನಿಯ ಹಿಂದಿನ ಖಾಲಿ ಜಾಗದಲ್ಲೂ ಹೀಗೇ ಮಾಡುತ್ತೇವೆಂದು ಕೇಳಿ ಪಡೆದಳು. ಮುಂದಿನ ಮಳೆಗಾಲದಲ್ಲಿ ಅವಳ ಫೋನು ಬಂತು. ರೇಣುಕಮ್ಮ ಕೇಳಿ ಗಂಡನಿಗೆ ಜೋರಾಗಿ ಹೇಳಿದಳು: "ಹೂವೆಲ್ಲ ಬಾಡ್ತಾ ಅದಾವಂತೆ. ಹೆದರ್ಕಂಡೈತೆ ಆ ಹುಡುಗಿ. ಒಂದ್ಸಲ ಬಂದು ನೋಡಬೇಕಂತೆ."

ಚಿತ್ತಪ್ಪ ಮರುದಿನವೇ ಬಸ್ಸು ಹತ್ತಿದ. ಕಿಟಕಿಯ ಪಕ್ಕ ಸೀಟು ಸಿಕ್ಕಿತು. ತಳಕು ಎಂಬ ಊರು ದಾಟಿದ ಮೇಲೆ ರಸ್ತೆಯ ಎರಡೂ ಕಡೆ ಹಸಿರು ಶುರುವಾಯಿತು. ಮೊದಲು ಅವನಿಗೆ ಅದು ಏನೆಂದು ಹೊಳೆಯಲಿಲ್ಲ. ಮೊಣಕಾಲಿಗೂ ಬಾರದ ಗಿಡಗಳು ಕಲ್ಲುಗುಡ್ಡಗಳ ಬುಡದವರೆಗೆ ಹಾಸಿದ್ದವು. ಹಸಿರಿನಲ್ಲಿ ಅಲ್ಲಲ್ಲಿ ಹಳದಿ ಚುಕ್ಕೆ. ಈ ರಸ್ತೆಯಲ್ಲಿ ಅವನು ಓಡಾಡಿದ್ದೆಲ್ಲ ಸುಗ್ಗಿಯ ನಂತರ. ಬೆಳೆ ನಿಂತಾಗ ಬಂದದ್ದು ಇದೇ ಮೊದಲು.

ಅವನು ಸೀಟಿನಿಂದ ಎದ್ದು ನಿಂತ. ಒಂದು ತೊಟ್ಟಿಯಲ್ಲಿ ನೋಡಿದ್ದನ್ನು ಈಗ ಕಣ್ಣು ಹರಿದಷ್ಟು ದೂರ ನೋಡಬೇಕಿತ್ತು. ಒಂದೊಂದು ಗಿಡದಲ್ಲೂ, ಒಂದೊಂದು ಗಿಣ್ಣಿನಲ್ಲೂ ಆ ಸೂಜಿಗಳು ಈ ಕ್ಷಣ ಇಳಿಯುತ್ತಿವೆ, ಯಾರೂ ನೋಡದೆ, ಸದ್ದಿಲ್ಲದೆ. ಅವನು ಬಾಗಿಲಿನತ್ತ ನಡೆದ.

"ನಿಲ್ಸಪ್ಪಾ, ಇಳೀತೀನಿ!"

"ಇಲ್ಲಿ ಯಾವ ಸ್ಟಾಪೂ ಇಲ್ಲ ಯಜಮಾನ್ರೇ," ಎಂದ ಕಂಡಕ್ಟರು. ಮುದುಕ ಬಾಗಿಲಿಗೆ ಬಂದು ನಿಂತದ್ದು ನೋಡಿ, ಮೈಗೆ ಸರಿಯಿಲ್ಲವೇನೋ ಎಂದು ಸೀಟಿ ಊದಿದ.

ಹೊಲದಲ್ಲಿ ಯರ್ರಪ್ಪ ಎಂಬ ರೈತ ಬದುವಿನ ಹುಲ್ಲು ಕೊಯ್ಯುತ್ತಿದ್ದ. ಅಪರಿಚಿತನೊಬ್ಬ ಬಸ್ಸಿಳಿದು ಚಪ್ಪಲಿ ಬಿಟ್ಟು ತನ್ನ ಹೊಲದ ಅಂಚಿನಲ್ಲಿ ಮೊಣಕಾಲೂರಿದ್ದನ್ನು ಕಂಡು ಕುಡುಗೋಲು ಹಿಡಿದೇ ಎದುರಿಗೆ ಬಂದು ಗದರಿದ.

"ಯಾರಣ್ಣ ನೀನು? ಏನ್ ಬೇಕಿತ್ತು?"

"ಏನೂ ಬ್ಯಾಡಪ್ಪ. ನೋಡಾಕೆ ಬಂದೀನಿ."

"ಏನ್ ನೋಡಾಕೆ?"

ಚಿತ್ತಪ್ಪ ಎಲೆಗಳನ್ನು ಮೆಲ್ಲಗೆ ಸರಿಸಿ ತೋರಿಸಿದ. ಯರ್ರಪ್ಪ ಗಿಡ ನೋಡಿದ, ಅವನ ಮುಖ ನೋಡಿದ, ಮತ್ತೆ ಗಿಡ ನೋಡಿದ. "ಊಡಲು ದಿಗುತಾ ಉನ್ನಾಯಿ," ಎಂದು ತನ್ನ ಮನೆಮಾತಾದ ತೆಲುಗಿನಲ್ಲಿ ತನಗೇ ಹೇಳಿಕೊಂಡ. ಆಮೇಲೆ ಕನ್ನಡದಲ್ಲಿ, "ಈ ಸಲ ಚೆನ್ನಾಗಿ ಇಳಿದಾವೆ," ಎಂದ.

"ದಿನಾ ನೋಡ್ತೀಯಾ?"

"ದಿನಾ ಎಲ್ಲಿ ನೋಡಾಕಾಗ್ತೈತಣ್ಣ. ಕೆಲಸ ಇರ್ತಾವೆ." ಯರ್ರಪ್ಪ ಕುಡುಗೋಲನ್ನು ಬದುವಿನ ಮೇಲಿಟ್ಟು, ಪಂಚೆ ಎತ್ತಿಕಟ್ಟಿ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತ. "ಸಾಲಿನ ಒಳಗೆ ಮಾತ್ರ ಕಾಲಿಡಬ್ಯಾಡ. ಮುರೀತಾವೆ."

"ಇಡಾಕಿಲ್ಲ," ಎಂದ ಚಿತ್ತಪ್ಪ. ಗುಡ್ಡದ ಕಡೆಯಿಂದ ಗಾಳಿ ಬಂತು. ಹೊಲವೆಲ್ಲ ಒಮ್ಮೆ ಅಲುಗಿ, ಎಲೆಗಳ ಬೆಳ್ಳನೆಯ ಬೆನ್ನು ತೋರಿ, ಮತ್ತೆ ನಿಂತಿತು. ಮುಂದಿನ ಬಸ್ಸು ಬರುವವರೆಗೆ ಇಬ್ಬರೂ ಅಲ್ಲೇ ಕೂತಿದ್ದರು.